ಹೆಬ್ಬಾತು ಸಾಕಣೆ: ಹುಲ್ಲುಗಾವಲನ್ನೂ ಲೆಕ್ಕಕ್ಕೆ ಹಿಡಿಯಬೇಕು

ಕೋಳಿ ಸಾಕಣೆಯ ಜೊತೆಗೆ ಹೆಬ್ಬಾತು ಸಾಕುವ ವಿಚಾರ ಮಾಡುವ ಉದ್ಯಮಿ ಬಾಂಧವರು ಸಾಮಾನ್ಯವಾಗಿ ಕೋಳಿಯ ಲೆಕ್ಕವನ್ನೇ ಇದಕ್ಕೂ ಅನ್ವಯಿಸುತ್ತಾರೆ: ಇಷ್ಟು ಚದರ ಅಡಿ ಶೆಡ್, ಇಷ್ಟು ಕ್ವಿಂಟಾಲ್ ಮೆಕ್ಕೆಜೋಳ, ಇಷ್ಟು ದಿನ. ಈ ಲೆಕ್ಕ ಹೆಬ್ಬಾತಿಗೆ ಒಗ್ಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಅದು ಮೂಲತಃ ಹುಲ್ಲು ಮೇಯುವ ಪಕ್ಷಿ. ಕೂಡಿಹಾಕಿ ಬರೀ ಕಾಳು ತಿನ್ನಿಸಿದಲ್ಲಿ ಅದರ ಯಕೃತ್ತು ಮತ್ತು ಮೂಳೆ ಎರಡಕ್ಕೂ ಹಾನಿ.

ಪಕ್ಷಿಗಳ ದೇಹದಲ್ಲಿ ಕೊಬ್ಬು ಮುಖ್ಯವಾಗಿ ತಯಾರಾಗುವುದು ಯಕೃತ್ತಿನಲ್ಲಿ. ಕಾಳಿನ ಪಿಷ್ಟವು ಅಗತ್ಯ ಮೀರಿ ಒದಗಿದಾಗ, ತಯಾರಾದಷ್ಟು ಕೊಬ್ಬು ರಕ್ತದ ಮೂಲಕ ಹೊರಗೆ ಸಾಗದೆ ಅಲ್ಲಿಯೇ ದಾಸ್ತಾನಾಗುತ್ತದೆ. ಯೂರೋಪಿನ 'ಫ್ವಾ ಗ್ರಾ' ಎಂಬ ಭಕ್ಷ್ಯವು ಬಲವಂತದ ತಿನಿಸಿನಿಂದ ಉಂಟುಮಾಡಿದ ಇಂಥ ದಾಸ್ತಾನೇ. ಅಲ್ಲಿನ ನಿಯಮದಂತೆ ಹೆಬ್ಬಾತಿನ ಈ ಯಕೃತ್ತು ಕನಿಷ್ಠ 400 ಗ್ರಾಂ ತೂಗಬೇಕು. ಸಹಜ ಯಕೃತ್ತು ಅದರ ಕಾಲು ಭಾಗದಷ್ಟು ತೂಗಿದರೆ ಹೆಚ್ಚು. ಭಾರತವು 2014ರ ಜುಲೈನಲ್ಲಿ ಇದರ ಆಮದನ್ನು ನಿಷೇಧಿಸಿತು. ಆ ಮಾದರಿಯ ಸಾಕಣೆಯ ಆಲೋಚನೆ ನಮ್ಮವರಿಗೆ ಬೇಡ.

ಹುಲ್ಲಿನಲ್ಲಿ ನೀರು, ನಾರು ಅಧಿಕ, ಶಕ್ತಿ ಕಡಿಮೆ. ಮೇಯುವ ಹಕ್ಕಿ ಅದಕ್ಕಾಗಿ ದಿನವಿಡೀ ನಡೆಯುತ್ತದೆ. ನಡಿಗೆಯ ಭಾರದಿಂದ ಕಾಲಿನ ಮೂಳೆ ಗಟ್ಟಿಯಾಗುತ್ತದೆ, ಬಿಸಿಲಿನಿಂದ ಡಿ ಜೀವಸತ್ವ ದೊರೆಯುತ್ತದೆ. ಈ ಜೀವಸತ್ವವು ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಮಾರ್ಪಟ್ಟ ಮೇಲೆಯೇ ಕ್ಯಾಲ್ಸಿಯಂ ಹೀರಿಕೊಳ್ಳಲು ನೆರವಾಗುವುದು. ಆದುದರಿಂದ ಯಕೃತ್ತು ಮತ್ತು ಮೂಳೆಗಳನ್ನು ಬೇರೆ ಬೇರೆ ಖಾತೆಗಳಲ್ಲಿ ಬರೆಯಲಾಗದು.

ಹಾಗೆಂದು ಹುಲ್ಲೊಂದೇ ಸಾಲದು. ಹೆಬ್ಬಾತಿನ ಮರಿಗಳಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಬೇಕು. ಕೊರತೆಯಾದರೆ ಕಾಲು ಸೊಟ್ಟಗಾಗುತ್ತವೆ. ಮೊಟ್ಟೆಯಿಡುವ ಹಕ್ಕಿಗೆ ಚಿಪ್ಪಿನ ಚೂರು ಬೇಕು. ತೂಕ ಬರುವುದೂ ನಿಧಾನ, ಜಮೀನಿನ ಖರ್ಚೂ ಉಂಟು. ಕೀಟನಾಶಕ ಸಿಂಪಡಿಸಿದ ಹೊಲಕ್ಕೆ ಬಿಡಕೂಡದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ವಲಸೆ ಬರುತ್ತವೆ. ಹಕ್ಕಿಜ್ವರದ ಭಯವಿರುವುದರಿಂದ ಅಂಥ ಕೆರೆಯಂಚು ಸಾಕಿದ ಹಿಂಡಿಗೆ ತಕ್ಕ ಗೋಮಾಳವಲ್ಲ.

'ಹಾಗಾದರೆ ನಮ್ಮ ಆಹಾರದ ವ್ಯಾಪಾರವೇನಾಗಬೇಕು?' ಎಂದು ತಯಾರಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮೇಯುವ ಹಿಂಡಿಗೆ ಬೇಕಾದ ಮರಿ ಆಹಾರ, ಖನಿಜ ಮಿಶ್ರಣಗಳನ್ನು ಸಣ್ಣ ಘಟಕಗಳೂ ತಯಾರಿಸಬಹುದು. ಆದರೆ ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮೆಕ್ಕೆಜೋಳಗಳು ಅದರಲ್ಲಿ ಸೇರಿದರೆ ಹುಲ್ಲುಗಾವಲಿನ ಪ್ರಯೋಜನವೆಲ್ಲ ವ್ಯರ್ಥ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತುದಕ್ಕೆ ಮೂಲ ಇಂಥದೇ ಶೇಂಗಾ ಹಿಂಡಿ; ಅದರಲ್ಲಿದ್ದ ಅಫ್ಲಾಟಾಕ್ಸಿನ್ ಯಕೃತ್ತನ್ನೇ ಕೆಡಿಸುವ ವಿಷ. ಬಾತು ಜಾತಿಯ ಮರಿಗಳು ಇದಕ್ಕೆ ಬಹು ಬೇಗ ಬಲಿಯಾಗುತ್ತವೆ. ಖರೀದಿದಾರರು ಕೇಳುವ ಮೊದಲೇ, ವಿಶೇಷವಾಗಿ ಮಳೆಗಾಲದಲ್ಲಿ, ಪ್ರತಿ ಲಾಟಿನ ತೇವಾಂಶ ಹಾಗೂ ಅಫ್ಲಾಟಾಕ್ಸಿನ್ ಪರೀಕ್ಷೆಯ ವರದಿಯನ್ನು ಬಿಲ್ಲಿಗೆ ಲಗತ್ತಿಸುವ ಪದ್ಧತಿಯನ್ನು ಸದಸ್ಯರು ಆರಂಭಿಸಬೇಕು.