ಚಕ್ರದ ಮೇಲಿನ ಅಡುಗೆಮನೆ: ತಪಾಸಣೆ ಯಾರ ಹೊಣೆ?

ಬೆಂಗಳೂರು: ಹೊತ್ತು ಇಳಿಯುತ್ತಿದ್ದಂತೆ ರಾಜಧಾನಿಯ ಐ.ಟಿ. ಪಾರ್ಕುಗಳ ಹೊರಗೆ, ಹೊಸ ಬಡಾವಣೆಗಳ ಅಗಲ ರಸ್ತೆಗಳ ಬದಿಯಲ್ಲಿ ಬಣ್ಣ ಬಳಿದ ವಾಹನಗಳು ಬಂದು ನಿಲ್ಲುತ್ತವೆ. ಪಕ್ಕದ ತಗಡು ಮೇಲೆತ್ತಿದರೆ ಅದೇ ಅಂಗಡಿ. ಒಳಗೆ ಒಲೆ, ಸಿಲಿಂಡರು, ಫ್ರಿಜ್ಜು, ಬೆವರುತ್ತಾ ನಿಂತ ಇಬ್ಬರು ಅಡುಗೆಯವರು. ಫುಡ್ ಟ್ರಕ್ ಎಂದು ಕರೆಸಿಕೊಳ್ಳುವ ಈ ವಾಹನ ಕಾನೂನಿನ ಕಣ್ಣಿಗೆ ಹೋಟೆಲೋ, ಲಾರಿಯೋ, ತಳ್ಳುಗಾಡಿಯೋ? ಕೇಳುವ ಇಲಾಖೆಯನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ. ಗ್ರಾಹಕನ ಆರೋಗ್ಯದ ಪ್ರಶ್ನೆ ಸಿಕ್ಕಿಕೊಂಡಿರುವುದೂ ಇಲ್ಲಿಯೇ.

ಆಹಾರ ಸುರಕ್ಷತೆಯ ಮಟ್ಟಿಗೆ ಕಾನೂನು ಮೌನವಾಗಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಜಾರಿಗೆ ಬಂದ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯ ನಾಲ್ಕನೇ ಅನುಸೂಚಿಯಲ್ಲಿ ಬೀದಿ ಆಹಾರ ಮಾರಾಟಗಾರರಿಗೆಂದೇ ಪ್ರತ್ಯೇಕ ಭಾಗವಿದ್ದು, ಆಹಾರ ಮಾರುವ ವ್ಯಾನುಗಳ ಉಲ್ಲೇಖವೂ ಅದರಲ್ಲಿದೆ. ಗಾಡಿಯ ಮೇಲ್ಮೈ ತುಕ್ಕು ಹಿಡಿಯದ ವಸ್ತುವಿನದಾಗಿರಬೇಕು. ಕೆಲಸ ಮಾಡುವ ಹಲಗೆ ನೆಲದಿಂದ 60ರಿಂದ 70 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಕುಡಿಯಲು ಯೋಗ್ಯವಾದ ನೀರು, ಮುಚ್ಚಳವಿರುವ ಕಸದ ಡಬ್ಬಿ ಇರಬೇಕು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ವ್ಯಾನನ್ನು ಶುಚಿಯಾದ ಸ್ಥಳದಲ್ಲಿ ನಿಲ್ಲಿಸಬೇಕು. ನಿಯಮಾವಳಿ ರೂಪುಗೊಂಡಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ ಪರವಾನಗಿಯ ಬದಲು ನೋಂದಣಿ ಸಾಕಾಗಿತ್ತು. ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ನೋಂದಾಯಿತ ಉದ್ದಿಮೆಯನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕೆಂಬ ವಿಧಿಯೂ ಇತ್ತು.

ಆದರೆ ಅದೇ ನಿಯಮಾವಳಿಯಲ್ಲಿ ಇನ್ನೊಂದು ಅವಕಾಶವಿತ್ತು. ಅರ್ಜಿ ಸಲ್ಲಿಸಿದ ಏಳು ದಿನಗಳೊಳಗೆ ಅಧಿಕಾರಿ ನೋಂದಣಿ ಕೊಡದೆ, ನಿರಾಕರಿಸದೆ, ತಪಾಸಣೆಗೂ ಆದೇಶಿಸದೆ ಸುಮ್ಮನಿದ್ದರೆ ಸಣ್ಣ ವ್ಯಾಪಾರಿ ವ್ಯವಹಾರ ಆರಂಭಿಸಬಹುದಿತ್ತು. ಸಣ್ಣವರನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದೆಂಬ ಉದ್ದೇಶ ಒಳ್ಳೆಯದೇ. ಫಲಿತಾಂಶ ಮಾತ್ರ, ಯಾವ ಅಧಿಕಾರಿಯೂ ಕಣ್ಣಿಂದ ನೋಡದ ಅಡುಗೆಮನೆ ರಸ್ತೆಗಿಳಿಯುವುದು ಸಾಧ್ಯವಾಯಿತು.

<b>ಮಾದರಿ ಸಿಕ್ಕಿತು, ವಾಹನ ಎಲ್ಲಿ?</b>

ಕರ್ನಾಟಕದಲ್ಲಿ ಬೀದಿ ಆಹಾರದ ಮೇಲೆ ಸರಕಾರದ ದೃಷ್ಟಿ ಬಲವಾಗಿ ಬಿದ್ದದ್ದು 2024ರಲ್ಲಿ. ಆ ವರ್ಷದ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಕೆಯನ್ನು ನಿಷೇಧಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳ ಪೈಕಿ 107, ಮಿಠಾಯಿಯ 25 ಮಾದರಿಗಳ ಪೈಕಿ 15 ಅಸುರಕ್ಷಿತವೆಂದು ಕಂಡುಬಂದಿದ್ದವು. ಜೂನ್‌ನಲ್ಲಿ ಕಬಾಬ್‌ನ ಸರದಿ ಬಂತು.

ಇವೆಲ್ಲ ಪ್ರಯೋಗಾಲಯ ಹಿಡಿಯಬಲ್ಲ ತಪ್ಪುಗಳು. ಬಣ್ಣ ಬೆರೆಸಿದ ಗೋಬಿ ನಾಳೆಯೂ ಬಣ್ಣದ್ದಾಗಿಯೇ ಇರುತ್ತದೆ. ಮಧ್ಯಾಹ್ನ ಬೇಯಿಸಿದ ಮಾಂಸ ರಾತ್ರಿ ಹತ್ತರವರೆಗೆ ಎಷ್ಟು ಶಾಖದಲ್ಲಿತ್ತು, ತಟ್ಟೆ ತೊಳೆದ ನೀರು ಎಷ್ಟನೆಯ ಸಲದ್ದು ಎಂಬುದನ್ನು ಹೇಳಬಲ್ಲದ್ದು ಸ್ಥಳ ತಪಾಸಣೆಯೊಂದೇ. ಕಾಯ್ದೆಯಂತೆ ಆಹಾರ ವಿಶ್ಲೇಷಕರು ಮಾದರಿ ಕೈಸೇರಿದ 14 ದಿನಗಳೊಳಗೆ ವರದಿ ಕೊಡಬೇಕು. ಹೋಟೆಲಾದರೆ ಹದಿನಾಲ್ಕು ದಿನಗಳ ಬಳಿಕವೂ ಅದೇ ವಿಳಾಸದಲ್ಲಿರುತ್ತದೆ. ಟ್ರಕ್ ಅಷ್ಟರಲ್ಲಿ ನಗರದ ಇನ್ನೊಂದು ತುದಿಯಲ್ಲೋ, ಬೇರೆ ಜಿಲ್ಲೆಯ ಜಾತ್ರೆಯಲ್ಲೋ ಇರಬಹುದು.

ವಾಹನದ ಲೆಕ್ಕವೇ ಬೇರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರ ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಹಳೆಯ ಸರಕು ವಾಹನ ಕೊಂಡು ಗ್ಯಾರೇಜಿನಲ್ಲಿ ಕಿಟಕಿ ಕತ್ತರಿಸಿ ಒಲೆ ಕೂರಿಸಿದವನು ಆರ್‌ಟಿಒ ಅನುಮೋದನೆ ಪಡೆಯದಿದ್ದರೆ ಅಡುಗೆ ಎಷ್ಟೇ ಶುಚಿಯಾಗಿದ್ದರೂ ತಪ್ಪಿತಸ್ಥನೇ. ಎಳೆದೊಯ್ಯುವ ಟ್ರೈಲರ್ ಕೂಡ ಈ ಕಾಯ್ದೆಯಡಿ ಮೋಟಾರು ವಾಹನವೇ. ಎಫ್.ಸಿ.ಗೆಂದು ಬಂದ ವಾಹನದ ಬ್ರೇಕು, ದೀಪ, ಹೊಗೆ ನೋಡಲಾಗುತ್ತದೆ. ಒಳಗಿನ 19 ಕಿಲೋ ವಾಣಿಜ್ಯ ಸಿಲಿಂಡರಿನ ರಬ್ಬರ್ ಕೊಳವೆ ಸವೆದಿದೆಯೇ ಎಂದು ನೋಡುವುದು ಆ ಪರೀಕ್ಷೆಯ ಉದ್ದೇಶವಲ್ಲ. ಆಹಾರ ಸುರಕ್ಷತಾ ಅಧಿಕಾರಿಯ ಕಣ್ಣು ಪಾತ್ರೆಯ ಮೇಲೆ. ಸಿಲಿಂಡರು ಇಬ್ಬರ ನಡುವೆ ಉಳಿದುಬಿಡುತ್ತದೆ.

ಇನ್ನು ನಿಲ್ಲುವ ಜಾಗ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ 2014ರ ಕಾಯ್ದೆಯಲ್ಲಿ ಸಂಚಾರಿ ಮಾರಾಟಗಾರರ ವರ್ಗವಿದೆ. ಆದರೆ ಪ್ರಮಾಣಪತ್ರ ಬಯಸುವವರು ತಾವೇ ಅಥವಾ ಕುಟುಂಬದವರೇ ವ್ಯಾಪಾರ ಮಾಡುವುದಾಗಿ, ಬೇರೆ ಜೀವನೋಪಾಯವಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಸಂಬಳಕ್ಕೆ ಜನ ಇಟ್ಟು ಎರಡು ಮೂರು ಟ್ರಕ್ ಓಡಿಸುವ ಮಾಲೀಕ ಇದರೊಳಗೆ ಬರುವುದಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿಯಾದರೋ ಕಟ್ಟಡದ ವಿಳಾಸ ಕೇಳುತ್ತದೆ. ಎರಡೂ ಇಲ್ಲದವನನ್ನು ಸಂಚಾರ ಪೊಲೀಸರು ಅಡ್ಡಾದಿಡ್ಡಿ ನಿಲುಗಡೆಯ ಪ್ರಕರಣವಾಗಿ ಕಾಣುತ್ತಾರೆ. 2024ರಲ್ಲಿ ಮಂಗಳೂರು ಮಹಾನಗರ ಪಾಲಿಕೆ ನಡೆಸಿದ ‘ಟೈಗರ್ ಕಾರ್ಯಾಚರಣೆ’ಯಲ್ಲಿ ಬೀದಿ ಬದಿ ಅಂಗಡಿಗಳು ತೆರವಾದವು. ದಿನದ ವಹಿವಾಟಿನ ಮೇಲೆ ಸಾಲದ ಕಂತು ಕಟ್ಟುವವನು ತಪಾಸಣೆಗಿಂತ ಎತ್ತಂಗಡಿಗೆ ಹೆಚ್ಚು ಹೆದರುವುದು ಸಹಜ. ಹೆದರಿದವನು ಒಂದೇ ಕಡೆ ನಿಲ್ಲುವುದಿಲ್ಲ, ಒಂದೇ ಕಡೆ ನಿಲ್ಲದವನನ್ನು ಅಧಿಕಾರಿ ಹುಡುಕುವುದು ಕಷ್ಟ.

ವಿಚಿತ್ರವೆಂದರೆ ಈ ಉದ್ಯಮಕ್ಕೆ ಉತ್ತೇಜನ ಕೊಟ್ಟದ್ದೂ ಸರಕಾರವೇ. ಸ್ತ್ರೀಶಕ್ತಿ ಸಂಘಗಳ ಮೂಲಕ ‘ಸವಿರುಚಿ’ ಸಂಚಾರಿ ಕ್ಯಾಂಟೀನ್‌ಗಳು 2017ರಲ್ಲಿ ಆರಂಭವಾದವು. ಅಭಿವೃದ್ಧಿ ನಿಗಮಗಳ ಸಹಾಯಧನದ ಪಟ್ಟಿಯಲ್ಲಿ ಸಂಚಾರಿ ಅಡುಗೆ ವಾಹನವೂ ಸೇರಿತು. ಸಾಲ ಮಂಜೂರು ಮಾಡುವಾಗ ಒಂದೇ ಕಡತದಲ್ಲಿ ಕೂಡುವ ವಾಹನ ಸಂಖ್ಯೆ ಮತ್ತು ಫಲಾನುಭವಿಯ ವಿವರವನ್ನು ತಪಾಸಣೆಗೂ ಬಳಸಲು ಅಡ್ಡಿಯೇನು? ಆಹಾರ ನೋಂದಣಿಯನ್ನು ವಾಹನದ ಸಂಖ್ಯೆಗೆ ಜೋಡಿಸಿ, ಎಫ್.ಸಿ.ಗೆ ಬಂದ ದಿನವೇ ಆಹಾರ ಸುರಕ್ಷತಾ ಅಧಿಕಾರಿಯೂ ಒಲೆ, ನೀರಿನ ತೊಟ್ಟಿ, ಅನಿಲ ಜೋಡಣೆ ನೋಡುವಂತಾದರೆ ಹೊಸ ಕಾಯ್ದೆಯ ಅಗತ್ಯ ಬೀಳಲಾರದು. ಹೊಸ ವಾಣಿಜ್ಯ ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್.ಸಿ. ಸಾಕಾದ್ದರಿಂದ ನಡುವಿನ ವರ್ಷಕ್ಕೆ ಬೇರೆ ಏರ್ಪಾಡು ಬೇಕಾದೀತು.

ಬೆಂಗಳೂರಿನಲ್ಲಿ ಈ ಕೆಲಸ ಈಗ ಇನ್ನಷ್ಟು ತೊಡಕಿನದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಮಧ್ಯಾಹ್ನದ ಊಟಕ್ಕೆ ಒಂದು ಪಾಲಿಕೆಯ ಕಚೇರಿ ಸಮುಚ್ಚಯದೆದುರು ನಿಂತ ಟ್ರಕ್, ಸಂಜೆಯ ರೋಲ್ ಮಾರುವ ಹೊತ್ತಿಗೆ ಇನ್ನೊಂದು ಪಾಲಿಕೆಯ ಗಡಿಯೊಳಗಿರುತ್ತದೆ.