ಚೌಕಾಸಿ ಗಿರಾಕಿಯ ಬಗ್ಗೆ ಇದ್ದದ್ದು ಇದ್ದಂತೆ ಹೇಳಬೇಕೇ?

ಪರ
ಮದುವೆ ಛಾಯಾಗ್ರಾಹಕ, ಹಾಸನ

ಕೇಳಿದ ಸಹ ಛಾಯಾಗ್ರಾಹಕನಿಗೆ ಹೇಳಲೇಬೇಕು. ಮುಚ್ಚಿಟ್ಟರೆ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಕೆಲಸ ಒಪ್ಪಿಸುವ ಮೊದಲು ದರ ಇಳಿಸಿ ಕೇಳಲಿ, ನನ್ನ ತಕರಾರಿಲ್ಲ. ಸಿಟ್ಟು ಬರುವುದು ಕೆಲಸ ಮುಗಿದ ಮೇಲಿನ ಚೌಕಾಸಿಗೆ. ಒಂದು ಮನೆಯವರು 60 ಸಾವಿರಕ್ಕೆ ಮಾತಾಡಿದ್ದರು. ಅರಿಶಿನ ಶಾಸ್ತ್ರದಿಂದ ಹೆಣ್ಣೊಪ್ಪಿಸುವವರೆಗೆ ಎರಡು ದಿನ ನಿಂತು ತೆಗೆದೆವು. ಆಲ್ಬಮ್ ಕೊಂಡೊಯ್ದ ದಿನ ಹುಡುಗಿಯ ಸೋದರಮಾವ ಹಾಳೆ ಮಗುಚುತ್ತಾ, ‘ಧಾರೆ ಫೋಟೊದಲ್ಲಿ ನಮ್ಮಕ್ಕ ಕಣ್ಣು ಮುಚ್ಚಿದ್ದಾಳೆ, ಹತ್ತು ಸಾವಿರ ಬಿಡಿ’ ಎಂದರು. ಅವರ ಮನೆಯ ಆಲ್ಬಮನ್ನು ಬೇರೆ ಯಾರಿಗೆ ಮಾರಲಿ? ಬಿಟ್ಟೆ.

ಮರುವರ್ಷ ಅದೇ ಮನೆಯಲ್ಲಿ ಇನ್ನೊಂದು ಮದುವೆ. ಹೊಸಬನೊಬ್ಬ ಫೋನ್ ಮಾಡಿ, ‘ಅಣ್ಣಾ, ಅವರು ಹೇಗೆ?’ ಎಂದ. ದಾಕ್ಷಿಣ್ಯಕ್ಕೆ ‘ಒಳ್ಳೆಯವರೇ’ ಎಂದುಬಿಟ್ಟೆ. ಅವನಿಗೂ ಅದೇ ಗತಿಯಾಯಿತು. ಆಷಾಢದಲ್ಲಿ ಮುಹೂರ್ತವಿಲ್ಲ, ಕೆಲಸವಿಲ್ಲ; ಕ್ಯಾಮೆರಾದ ಕಂತು ಮಾತ್ರ ನಿಲ್ಲುವುದಿಲ್ಲ. ಹುಡುಗ ಲೆನ್ಸ್ ಮಾರಿದ. ಅದರಲ್ಲಿ ನನ್ನ ಸುಳ್ಳಿನ ಪಾಲೂ ಇದೆ.

ಚಾಡಿ ಎನ್ನುವವರು ಎನ್ನಲಿ. ಗಿರಾಕಿಗಳು ನಮ್ಮ ಬಗ್ಗೆ ಹತ್ತು ಕಡೆ ವಿಚಾರಿಸಿಯೇ ಬರುತ್ತಾರೆ. ನಾವು ಒಂದು ಕಡೆ ವಿಚಾರಿಸಿದರೆ ತಪ್ಪೇ?

ವಿರೋಧ
ಸ್ಟುಡಿಯೊ ಮಾಲೀಕ, ಶಿವಮೊಗ್ಗ

ಬೇಡ ಎನ್ನಲು ನಾಲ್ಕು ಕಾರಣಗಳಿವೆ.

ಒಂದು, ಚೌಕಾಸಿ ಅಪರಾಧವಲ್ಲ. ಛತ್ರ, ಅಡುಗೆ, ವಾಲಗ ಎಲ್ಲಕ್ಕೂ ಸಾಲ ಮಾಡಿದ ತಂದೆ ನಮ್ಮಲ್ಲೂ ಒಂದೆರಡು ಸಾವಿರ ಉಳಿಸಲು ನೋಡುತ್ತಾನೆ.

ಎರಡು, ನಮ್ಮ ಮಾತು ಒಂದೇ ಕಡೆಯದು. ಆಲ್ಬಮ್ ಕೊಡಲು ಆರು ತಿಂಗಳು ಸತಾಯಿಸುವವರು ನಮ್ಮಲ್ಲೂ ಇದ್ದಾರೆ.

ಮೂರು, ಕಾನೂನು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಗೆ 2 ವರ್ಷದವರೆಗೆ ಸಾದಾ ಸೆರೆವಾಸ ವಿಧಿಸಬಹುದು. ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆಗೆ ವಿನಾಯಿತಿ ಇದೆ, ನಿಜ. ಅದನ್ನು ಸಾಬೀತು ಮಾಡಲು ಕೋರ್ಟಿಗೆ ಅಲೆಯಬೇಕಾದವರು ನಾವೇ.

ನಾಲ್ಕು, ಸಣ್ಣ ಊರಿನಲ್ಲಿ ಇಂಥ ಮಾತು ಸಂಜೆಯೊಳಗೆ ಬೀಗರ ಮನೆ ಮುಟ್ಟುತ್ತದೆ. ಅಲ್ಲಿ ಚುಚ್ಚುಮಾತು ಕೇಳುವವಳು ಹೊಸ ಸೊಸೆ.

ನನ್ನನ್ನು ಕೇಳಿದವರಿಗೆ, ‘ಮುಕ್ಕಾಲು ಪಾಲು ಅಡ್ವಾನ್ಸ್ ಇಸ್ಕೊಂಡುಬಿಡು’ ಎಂದಷ್ಟೇ ಹೇಳುತ್ತೇನೆ. ಅವರಿಗೆ ಅರ್ಥವಾಗುತ್ತದೆ. ಇದೂ ನಿಜ ಹೇಳಿದಂತೆಯೇ ಅಲ್ಲವೇ ಎಂದರೆ, ಇರಬಹುದು. ಆದರೆ ಸರಿಯಾದ ಮದ್ದು ಕಾಗದದಲ್ಲಿದೆ. ದರ, ಆಲ್ಬಮಿನ ಹಾಳೆ, ಬಾಕಿ ಕೊಡುವ ದಿನ ಎಲ್ಲವನ್ನೂ ಬರೆದು ಸಹಿ ಹಾಕಿಸಿಕೊಳ್ಳಿ. ಬಾಕಿ ಕೈಗೆ ಬಂದ ಮೇಲೆಯೇ ಆಲ್ಬಮ್ ಮುದ್ರಣಕ್ಕೆ ಕಳಿಸಿ.