ಮೊದಲ ಭೇಟಿಯಲ್ಲಿ ಅಳುವ ಮಗು

ದೂರದೇಶದಿಂದ ಬಂದ ದಂಪತಿಗಳು ತಾವು ದತ್ತು ತೆಗೆದುಕೊಳ್ಳಲಿರುವ ಮಗುವನ್ನು ಮೊಟ್ಟಮೊದಲು ಕಾಣುವ ಸಂದರ್ಭವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆ ದಂಪತಿಗಳ ಪಕ್ಷದಿಂದಲೇ ಬರೆಯುತ್ತಾರೆ. ವರ್ಷಗಟ್ಟಲೆ ಕಾದದ್ದು, ಕಾಗದಪತ್ರಗಳ ರಾಶಿ, ವಿಮಾನಪ್ರಯಾಣ, ಕೊನೆಗೆ ಬಾಗಿಲು ತೆರೆದು ಆಯಾ ಒಬ್ಬಳು ಮಗುವನ್ನೆತ್ತಿಕೊಂಡು ಒಳಗೆ ಬರುವುದು, ಆನಂದಬಾಷ್ಪ, ಛಾಯಾಚಿತ್ರ. ಅಮೆರಿಕದಲ್ಲಿ ಈ ದಿನಕ್ಕೆ 'ಗಾಚಾ ಡೇ' ಎಂದು ಹೆಸರಿಟ್ಟು ಹುಟ್ಟುಹಬ್ಬದಂತೆ ವರ್ಷವರ್ಷವೂ ಆಚರಿಸುವವರಿದ್ದಾರೆ. 'ಸಿಕ್ಕಿದೆಯಾ, ಹಿಡಿದೆ' ಎಂಬಂಥ ಮಾತು ಅದು, ಕಣ್ಣಾಮುಚ್ಚಾಲೆಗೆ ಒಪ್ಪೀತು. ಅನ್ಯರ ಸಂತೋಷಕ್ಕೆ ಕಲ್ಲು ಹಾಕುವ ಇಚ್ಛೆ ನನಗಿಲ್ಲ. ಆದರೆ ಅಂಥ ಛಾಯಾಚಿತ್ರಗಳನ್ನು ತುಸು ನಿಧಾನವಾಗಿ ನೋಡಬೇಕು. ದೊಡ್ಡವರು ನಗುತ್ತಿರುತ್ತಾರೆ. ಮಗು ಎಷ್ಟೋ ವೇಳೆ ಅಳುತ್ತಿರುತ್ತದೆ, ಇಲ್ಲವೆ ಮಂಕಾಗಿ ಎತ್ತಲೋ ನೋಡುತ್ತಿರುತ್ತದೆ. ಆಯಾ ಚಿತ್ರದ ಅಂಚಿನಲ್ಲಿರುತ್ತಾಳೆ. ಕೆಲವು ಚಿತ್ರಗಳಲ್ಲಿ ಅವಳ ಕೈ ಮಾತ್ರ ಉಳಿದಿರುತ್ತದೆ. ಈ ಮೂವರಲ್ಲಿ ಆ ಗಳಿಗೆ ಯಾರದು ಎಂಬುದೇ ನನ್ನ ಪ್ರಶ್ನೆ.

ಇದು ಹೊಸ ಪ್ರಶ್ನೆಯೇನಲ್ಲ. ಆರಿಗಾನ್ ಪ್ರಾಂತದ ರೈತ ಹ್ಯಾರಿ ಹೋಲ್ಟ್ ಎಂಬುವರು ೧೯೫೫ರಲ್ಲಿ ಕೊರಿಯಾಕ್ಕೆ ಹೋಗಿ, ಯುದ್ಧದಿಂದ ದಿಕ್ಕುಗೆಟ್ಟ ೮ ಮಕ್ಕಳನ್ನು ತಮ್ಮ ಮನೆಗೆ ಕರೆತಂದರು. ಊರಿನಲ್ಲೇ ಉಳಿದಿದ್ದ ಅವರ ಪತ್ನಿ ಆ ಮಕ್ಕಳನ್ನು ಮೊದಲು ಕಂಡದ್ದು ವಿಮಾನನಿಲ್ದಾಣದಲ್ಲಿ. ಅನಂತರ ಇತರರಿಗೂ ಅವರೇ ಮಕ್ಕಳನ್ನು ತರಿಸಿಕೊಡತೊಡಗಿದಾಗ, ತಂದೆತಾಯಿಗಳು ಕೊರಿಯಾದ ಮುಖವನ್ನೇ ನೋಡದೆ ಬದಲಿ ಆಳಿನ ಮೂಲಕ ದತ್ತಕ ನಡೆಯಿತು. ವಿಮಾನ ತುಂಬ ಮಕ್ಕಳು ಬಂದಿಳಿದರು. ದತ್ತಕಕ್ಕೆ ಮುಂಚೆ, ಇಲ್ಲವೆ ಅದು ನಡೆಯುವಾಗಲಾದರೂ, ಮಗುವನ್ನು ಕಣ್ಣಾರೆ ನೋಡಿರಬೇಕೆಂದು ೧೯೬೧ರಲ್ಲಿ ಅಮೆರಿಕದ ಕಾನೂನು ವಿಧಿಸಿತು. ಸಾಮಾನೊಂದನ್ನು ಅಂಚೆಯಲ್ಲಿ ತರಿಸಿಕೊಳ್ಳುವಂತೆ ಮಗುವನ್ನು ತರಿಸಿಕೊಳ್ಳಬಾರದೆಂಬಷ್ಟು ವಿವೇಕ ಅಂದಿಗೆ ಮೂಡಿತ್ತು. ಆದರೆ 'ನೋಡುವುದು' ಎಂದರೆ ಎಷ್ಟು ಹೊತ್ತು, ಎಲ್ಲಿ, ಯಾರ ಸಮಕ್ಷಮದಲ್ಲಿ?

ಚೀನಾ ದೇಶದ ಉದಾಹರಣೆ ನೋಡಿ. ಅಲ್ಲಿಂದ ೧೯೯೨ರ ದತ್ತಕ ಕಾನೂನಿನ ತರುವಾಯ ೧,೬೦,೦೦೦ಕ್ಕೂ ಮಿಕ್ಕಿ ಮಕ್ಕಳು ಹೊರದೇಶಗಳಿಗೆ ಹೋದರು. ಮಗುವನ್ನು ಅನಾಥಾಲಯದಿಂದ ಪ್ರಾಂತದ ರಾಜಧಾನಿಗೆ ಕರೆತಂದು, ಸರಕಾರಿ ಕಚೇರಿಯಲ್ಲೋ ಹೋಟೆಲಿನ ಕೋಣೆಯಲ್ಲೋ ದಂಪತಿಗಳ ಕೈಗಿಡುವುದು ವಾಡಿಕೆಯಾಗಿತ್ತು. ಸಾಮಾನ್ಯವಾಗಿ ಮರುದಿನವೇ ರುಜು, ಮುದ್ರೆ ಮುಗಿಯುತ್ತಿದ್ದವು. ಆ ಮಗುವಿನ ದೃಷ್ಟಿಯಿಂದ ಯೋಚಿಸಿದರೆ, ಬೆಳಿಗ್ಗೆ ಗಂಜಿ ಕುಡಿಸಿದ ಕೈ ಸಂಜೆಗೆ ಇಲ್ಲ. ವಾಸನೆ ಬೇರೆ, ಮಾತು ಬೇರೆ, ಮುಖದ ಬಣ್ಣ ಬೇರೆ. ನಾವು ಇದನ್ನು ಭೇಟಿ ಎನ್ನುತ್ತೇವೆ!

ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು ೧೯೫೨ರಲ್ಲಿ ಒಂದು ಚಲನಚಿತ್ರ ತೆಗೆದರು. ಎರಡು ವರ್ಷದ ಹುಡುಗಿ ೮ ದಿನ ಆಸ್ಪತ್ರೆಯಲ್ಲಿ ತಾಯಿಯನ್ನಗಲಿ ಇರುವುದಷ್ಟೇ ಅದರ ಕಥೆ. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶವಾಗುತ್ತದೆ, ಕೊನೆಗೆ ಯಾರೂ ಬೇಡವೆಂಬಂತೆ ದೂರ ಸರಿಯುತ್ತದೆ ಎಂದು ರಾಬರ್ಟ್‌ಸನ್ ತೋರಿಸಿದರು. ಈ ಮೂರನೆಯ ಅವಸ್ಥೆಯನ್ನೇ ದಾದಿಯರು 'ಮಗು ಹೊಂದಿಕೊಂಡಿತು' ಎಂದು ಭಾವಿಸುತ್ತಿದ್ದರಂತೆ. ಹೋಟೆಲಿನ ಕೋಣೆಯಲ್ಲಿ ಸುಮ್ಮನೆ ಕುಳಿತ ಮಗುವನ್ನು ಕಂಡು 'ಎಷ್ಟು ಸಾಧು!' ಎಂದು ಹಿಗ್ಗುವವರು ಈ ಚಿತ್ರವನ್ನು ನೋಡಬೇಕು.

ಇದನ್ನೆಲ್ಲ ನಮ್ಮ ವಿದ್ಯಾರ್ಥಿನಿಲಯದಲ್ಲಿ ಹೇಳಿದಾಗ ಸ್ನೇಹಿತನೊಬ್ಬ ನಕ್ಕುಬಿಟ್ಟ. "ಹೊಟ್ಟೆಗಿಲ್ಲದ ಮಗುವಿಗೆ ಅಮೆರಿಕ ಸಿಕ್ಕಿದೆ. ಒಂದು ದಿನ ಅತ್ತರೆ ಗಂಟೇನು ಹೋಗುತ್ತದೆ?" ಎಂದ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹಾಸಿಗೆಗಳ ಸಾಲಿನಲ್ಲಿ ಬೆಳೆಯುವುದಕ್ಕಿಂತ ಪ್ರೀತಿಸುವ ಮನೆಯಲ್ಲಿ ಬೆಳೆಯುವುದು ಮೇಲು. ದತ್ತಕವೇ ಬೇಡವೆನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ಆದರೆ ಅಳುವಿನ ಅರ್ಥ ಅವನಿಗೆ ತಿಳಿದಿಲ್ಲ. ನನ್ನ ಚಿಕ್ಕಮ್ಮ ಒಂದು ಶಿಶುಗೃಹದಲ್ಲಿ ಹನ್ನೊಂದು ವರ್ಷ ಆಯಾ ಆಗಿದ್ದವಳು. ಅವಳು ಹೇಳುವುದು ಹೀಗೆ: "ಕರ್ಕೊಂಡು ಹೋಗೋವಾಗ ಅತ್ರೆ ನಂಗೆ ಸಮಾಧಾನ ಕಣಪ್ಪ. ನಾವು ಚೆನ್ನಾಗಿ ನೋಡ್ಕೊಂಡಿದ್ವಿ ಅಂತ ಅದೇ ಸಾಕ್ಷಿ. ಯಾರು ಎತ್ಕೊಂಡ್ರೂ ಸುಮ್ನೆ ಹೋಗ್ತವಲ್ಲ, ಆ ಮಕ್ಕಳನ್ನ ನೆನೆಸ್ಕೊಂಡ್ರೇ ನಿದ್ದೆ ಬರಲ್ಲ." ಒಂದು ಮಗುವಿಗೆ ಅವಳ ಹಳೆಯ ಸೀರೆಯ ಸೆರಗು ಹಿಡಿದಲ್ಲದೆ ನಿದ್ದೆ ಹತ್ತುತ್ತಿರಲಿಲ್ಲ. ಹೊರಡುವ ದಿನ ಆ ಸೆರಗನ್ನು ಹರಿದು ಮಗುವಿನ ಕೈಗಿತ್ತಳು. ಮೇಲಿನವರು ಹಳೆಯ ಬಟ್ಟೆ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ತೆಗೆದಿರಿಸಿ ಹೊಸ ಗೊಂಬೆ ಕೊಟ್ಟರಂತೆ. ಚಿಕ್ಕಮ್ಮನ ಹೆಸರು ಯಾವ ಕಡತದಲ್ಲೂ ಇರಲಾರದು.

ಕೃಷ್ಣ ಮಧುರೆಗೆ ಹೋಗಿ ಹೆತ್ತವರನ್ನು ಕಂಡ ಕಥೆಯನ್ನು ಹೇಳುವಾಗ ನಮ್ಮ ಹಿರಿಯರು ಗೋಕುಲದಲ್ಲಿ ಉಳಿದ ಯಶೋದೆಯನ್ನು ಮರೆಯಲಿಲ್ಲ. ಕರ್ಣ ರಾಜನಾದ ಮೇಲೂ ರಾಧೇಯನೇ. ಇಂದಿನ ಕಡತಗಳಿಗೆ ಅಷ್ಟು ನೆನಪಿಲ್ಲ.

ಇನ್ನು ಮಾತಿನ ವಿಷಯ. ಕೊರಿಯಾದಿಂದ ೩ರಿಂದ ೮ ವರ್ಷದೊಳಗೆ ಫ್ರಾನ್ಸಿಗೆ ಹೋದ ಕೆಲವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿ, ಕೊರಿಯನ್ ನುಡಿ ಅವರಿಗೆ ಇತರ ಅಪರಿಚಿತ ಭಾಷೆಗಳಂತೆಯೇ ಕೇಳುತ್ತದೆಂದು ೨೦೦೩ರಲ್ಲಿ ವಿಜ್ಞಾನಿಗಳು ಬರೆದರು. ಹಾಗಾದರೆ ಎಲ್ಲವೂ ಅಳಿಸಿಹೋಯಿತೆ? ೨೦೧೪ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬೇರೊಂದು ಪರೀಕ್ಷೆ ನಡೆಯಿತು. ಹಸುಗೂಸುಗಳಾಗಿ ಚೀನಾ ಬಿಟ್ಟು ಫ್ರೆಂಚ್ ಮನೆಗಳಲ್ಲಿ ಬೆಳೆದ ಹುಡುಗಿಯರಿಗೆ ಚೀನೀ ಭಾಷೆಯ ಒಂದು ಮಾತೂ ತಿಳಿಯದು. ಆದರೂ ಆ ಭಾಷೆಯ ಸ್ವರದ ಏರಿಳಿತ ಕೇಳಿಸಿದಾಗ ಅವರ ಮಿದುಳು ಚೀನೀ ಬಲ್ಲವರ ಮಿದುಳಿನಂತೆಯೇ ಕೆಲಸ ಮಾಡಿತು. ಮರೆತದ್ದನ್ನೂ ಮಗು ಹೊತ್ತುಕೊಂಡೇ ಹೋಗಿರುತ್ತದೆ ಎಂದಾಯಿತು. ಹೀಗಿರುವಲ್ಲಿ, ಕನ್ನಡದಲ್ಲಿ 'ನೀರು' ಎಂದು ಕೇಳಲು ಕಲಿತ ಮಗುವನ್ನು ಎದುರುಗೊಳ್ಳುವವರು ಆ ಮಾತನ್ನಾದರೂ ಕಲಿತು ಬಂದಿರಬಾರದೆ?

ಮೊದಲ ಭೇಟಿ ಹಠಾತ್ತಾಗಿರುವುದಕ್ಕೆ ಒಂದು ಸತ್ಕಾರಣವೂ ಉಂಟು. ೧೯೯೩ರ ಹೇಗ್ ಒಪ್ಪಂದದ ೨೯ನೆಯ ವಿಧಿಯ ಪ್ರಕಾರ, ಮಗು ದತ್ತಕಕ್ಕೆ ಯೋಗ್ಯವೆಂದೂ ಒಪ್ಪಿಗೆಗಳು ಬಲವಂತವಿಲ್ಲದೆ, ಹಣದಾಸೆಯಿಲ್ಲದೆ ದೊರೆತಿವೆಯೆಂದೂ ದಂಪತಿಗಳು ಅರ್ಹರೆಂದೂ ಖಚಿತವಾಗುವವರೆಗೆ, ಅವರು ಮಗುವಿನ ತಂದೆತಾಯಿಗಳನ್ನಾಗಲಿ ಪಾಲಕರನ್ನಾಗಲಿ ಸಂಪರ್ಕಿಸಕೂಡದು. ದುಡ್ಡಿನ ಚೀಲ ಮಗುವಿನ ಬಾಗಿಲಿಗೆ ನೇರ ಬರಬಾರದೆಂಬುದೇ ಇದರ ಉದ್ದೇಶ. ಕೊರಿಯಾದಲ್ಲಿ ತಂದೆತಾಯಿ ಇದ್ದ ಮಕ್ಕಳನ್ನೂ ಅನಾಥರೆಂದು ದಾಖಲೆ ತಿದ್ದಿ ಕಳುಹಿಸಿದ್ದುಂಟೆಂದು ಅಲ್ಲಿನ ಸತ್ಯಶೋಧನಾ ಆಯೋಗವೇ ೨೦೨೫ರ ಮಾರ್ಚಿಯಲ್ಲಿ ಹೇಳಿದೆ. ನಮ್ಮಲ್ಲೂ ವಿದೇಶೀಯರು ೧೮೯೦ರ ಪೋಷಕರ ಕಾಯಿದೆಯಡಿ ಪೋಷಕರೆನಿಸಿ ಮಕ್ಕಳನ್ನು ಒಯ್ಯುತ್ತಿದ್ದ ಕಾಲದಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು; ೧೯೮೪ರಲ್ಲಿ ನ್ಯಾಯಮೂರ್ತಿ ಭಗವತಿಯವರು ನಿಯಮಗಳನ್ನು ವಿಧಿಸಿ, ಮೊದಲು ಸ್ವದೇಶದಲ್ಲಿ ಮನೆ ಹುಡುಕಬೇಕೆಂದರು. ಈ ಬೇಲಿಗಳು ಇರಲೇಬೇಕು. ಆದರೆ ಅನುಮತಿ ದೊರೆತ ಮೇಲೂ ಅವಸರವೇಕೆ? ೨೯ನೆಯ ವಿಧಿ ಮುಂಚಿನ ಸಂಪರ್ಕವನ್ನು ತಡೆಯುತ್ತದೆ, ಆಮೇಲಿನ ನಿಧಾನವನ್ನಲ್ಲ. ಹೋಟೆಲಿನ ಬಾಡಿಗೆ, ವಿಮಾನದ ಟಿಕೆಟ್ಟು, ದಂಪತಿಗಳ ರಜೆ, ಅಧಿಕಾರಿಗಳ ಅನುಕೂಲ ಇವೇ ನಿಜವಾದ ಕಾರಣಗಳೆಂದು ನನ್ನ ಗುಮಾನಿ.

ನಡೆಯದೇ ಹೋದ ಭೇಟಿಗಳೂ ಇವೆ. ರಷ್ಯಾ ೨೦೧೩ರ ಜನವರಿಯಿಂದ ಅಮೆರಿಕನ್ನರಿಗೆ ಬಾಗಿಲು ಮುಚ್ಚಿದಾಗ, ಭಾವೀ ತಂದೆತಾಯಿಗಳನ್ನು ಆಗಲೇ ಕಂಡು, ಅವರು ಮತ್ತೆ ಬರುವರೆಂದು ನಂಬಿದ್ದ ಮಕ್ಕಳಿದ್ದರು. ಚೀನಾ ೨೦೨೪ರಲ್ಲಿ ವಿದೇಶೀ ದತ್ತಕವನ್ನು ಬಹುಮಟ್ಟಿಗೆ ನಿಲ್ಲಿಸಿದಾಗ, ೨೦೨೦ರ ಸಾಂಕ್ರಾಮಿಕದಿಂದ ಕಾಯುತ್ತಿದ್ದ ನೂರಾರು ಕುಟುಂಬಗಳಿಗೆ ಬರಿಯ ಛಾಯಾಚಿತ್ರ ಉಳಿಯಿತು. ರಾಷ್ಟ್ರಗಳ ಜಗಳಕ್ಕೂ ನೀತಿಗೂ ನಾವು ಉತ್ತರ ಹೇಳಲಾರೆವು. ಮಗುವಿಗೆ ಉತ್ತರ ಹೇಳುವವರು ಯಾರೋ.

ನಮ್ಮ ರಾಜ್ಯದಿಂದಲೂ ಮಕ್ಕಳು ಹೊರದೇಶಕ್ಕೆ ಹೋಗುತ್ತಿರುವುದರಿಂದ ಇದನ್ನು ಪರದೇಶದ ಸುದ್ದಿಯೆಂದು ಬಿಡುವಂತಿಲ್ಲ. ೨೦೨೨ರ ಸೆಪ್ಟೆಂಬರಿನಿಂದ ದತ್ತಕದ ಆಜ್ಞೆ ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ಆಜ್ಞೆ ಬೇಗ ಬರಲೆಂದೇ ಈ ಬದಲಾವಣೆ. ಅದು ಬೇಗ ಬರಲಿ, ಸಂತೋಷ. ಭೇಟಿ ಮಾತ್ರ ನಿಧಾನವಾಗಲಿ. ಮಗುವಿದ್ದ ಕೋಣೆಯಲ್ಲೇ, ಅದೇ ಆಯಾಳ ಮಡಿಲಲ್ಲಿ ಕುಳಿತೇ ಅದು ಹೊಸಬರನ್ನು ನೋಡಲಿ. ಮೊದಲ ದಿನ ಅವರು ಮುಟ್ಟದಿದ್ದರೂ ನಷ್ಟವಿಲ್ಲ. ಒಂದು ವಾರ ಅವಳು ಉಣ್ಣಿಸುವಾಗ ಇವರು ಪಕ್ಕದಲ್ಲಿ ಕೂರಲಿ, ಆಮೇಲೆ ಇವರು ಉಣ್ಣಿಸುವಾಗ ಅವಳು ಪಕ್ಕದಲ್ಲಿ ಕೂರಲಿ. ಆ ಒಂದು ವಾರದ ಖರ್ಚನ್ನು ವಿಮಾನದ ಖರ್ಚಿನೊಡನೆ ಹೋಲಿಸಬಹುದು. ಮಗು ಬಲ್ಲ ಮಾತುಗಳನ್ನು ಆಯಾಳಿಂದ ಕೇಳಿ, ಹೊಸಬರು ಓದಬಲ್ಲ ಲಿಪಿಯಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಡಲಿ: ನೀರು, ಅನ್ನ, ಬಾ, ಬೇಡ, ನೋವು, ಚಂದಮಾಮ. ಹಾಳೆಯ ಕೆಳಗೆ ಆಯಾಳ ಹೆಸರೂ ಇರಲಿ. ಹಳೆಯ ಸೆರಗಿನ ತುಂಡಿದ್ದರೆ ಅದನ್ನು ಒಗೆಯದೆ ಕಳುಹಿಸಲಿ.